ಬೇಲಿಯಾಚೆಯ ಜೇನು

ಅವತ್ತು ದಟ್ಟ ಮಂಜು. ದರ್ಜಿ ಎದ್ದವನೇ ಹಿತ್ತಿಲಿಗೆ ಹೋದ. ಜೇನುಪೆಟ್ಟಿಗೆಯ ಬಾಯಲ್ಲಿ ಒಂದು ಹುಳವೂ ಇಲ್ಲ. ತಲೆಯೆತ್ತಿದರೆ, ಬೇಲಿಯಾಚೆ ಬಡಗಿಯ ಮರದಲ್ಲಿ ಜೇನುಹಿಂಡೊಂದು ಒದ್ದೆ ಗೋಣಿಚೀಲದಂತೆ ಜೋತುಬಿದ್ದಿತ್ತು.

“ಲೇ, ನಮ್ಮವು ಓಡಿಹೋದವಲ್ಲೇ!” ಎಂದು ಹೆಂಡತಿಗೆ ಕೂಗಿ ಬೇಲಿ ಹಾರಿದ. ಪಂಚೆಯ ಅರ್ಧ ಬೇಲಿಯಲ್ಲೇ ಉಳಿಯಿತು.

ಬಡಗಿ ಆಗಲೇ ಬುಟ್ಟಿ ಹಿಡಿದು ಏಣಿ ಚಾಚಿದ್ದ. “ನನ್ನ ಮರಕ್ಕೆ ಬಂದದ್ದು ನಂದು, ದರ್ಜಿಯಣ್ಣ.”

“ನಿನ್ನ ಹಸು ನನ್ನ ಹಿತ್ತಿಲಿಗೆ ಬಂದ್ರೆ ನಂದಾ?”

“ಹಸುವಿಗೆ ಗುರುತಿದೆ. ಇವಕ್ಕೇನಿದೆ?”

“ನಾನು ಹೊಲಿದ ಅಂಗಿ ಸಂತೇಲಿದ್ರೂ ಗುರುತು ಹಿಡೀತೀನಿ. ಸಾಕಿದ ಹುಳ ತಿಳಿಯಲ್ವಾ?”

ಗದ್ದಲಕ್ಕೆ ಜನ ಸೇರಿತು. ಮೇಷ್ಟ್ರು ಕನ್ನಡಕ ಒರೆಸಿ ನ್ಯಾಯ ಹೇಳಿದರು: “ಬಂದ ಕಡೆ ನೋಡಿದ್ರೆ ಇವನದು. ಕೂತ ಕಡೆ ನೋಡಿದ್ರೆ ಅವನದು.”

“ಹಂಗಂದ್ರೆ ಏನು ಹೇಳ್ದಂಗಾಯ್ತು ಮೇಷ್ಟ್ರೇ?” ಹಾಲಿನವಳು ನಕ್ಕಳು. “ಖಂಡಿತ ನಿನ್ನವೇ ಆದ್ರೆ ಆಣೆ ಮಾಡಪ್ಪ.”

ದರ್ಜಿ ಮೇಲೆ ನೋಡಿದ. ಎಲ್ಲ ಹುಳಕ್ಕೂ ಒಂದೇ ಮುಖ. ನನ್ನವೇ ಎಂದು ಹೇಳುವುದು ಹೇಗೆ? ಆದರೆ ನನ್ನವಲ್ಲ ಎನ್ನುವುದಕ್ಕೂ ಸಾಕ್ಷಿಯಿಲ್ಲವಲ್ಲ! ಅಷ್ಟು ಸಾಕೆಂದು ಗಟ್ಟಿಮನಸ್ಸು ಮಾಡಿದ. “ಕಣ್ಣಾಣೆ, ನನ್ನವೇ!”

ಅಷ್ಟರಲ್ಲಿ ಬಡಗಿಯನ್ನು ಅವನ ಮನೆಯೊಳಗಿನಿಂದ ಯಾರೋ ಕರೆದರು. ಹೋಗಿ ಬಂದವನು ಬುಟ್ಟಿಯನ್ನು ದರ್ಜಿಯ ಕೈಗಿತ್ತ. “ತಗೋ ಅಣ್ಣ. ನಿಂದೇ. ಎಲ್ರೂ ಕೇಳಿಸ್ಕೊಂಡ್ರಲ್ಲ?”

ಹಿಂಡನ್ನು ಇಳಿಸಿಕೊಂಡು ಮನೆ ಸೇರುವಷ್ಟರಲ್ಲಿ ದರ್ಜಿಯ ಮೂಗು, ತುಟಿ, ಕಿವಿ ಊದಿ ಒಂದಾಗಿದ್ದವು. ಹುಳ ತುಂಬಲೆಂದು ಪೆಟ್ಟಿಗೆಯ ಮುಚ್ಚಳ ತೆಗೆದ. ಒಳಗೆ ಅವನ ಜೇನು ಚಳಿಗೆ ಮುದ್ದೆಯಾಗಿ ಬೆಚ್ಚಗೆ ಕೂತಿತ್ತು.

“ಹಾಗಾದ್ರೆ ಇವು ಯಾರವು?” ಎಂದಳು ಹೆಂಡತಿ.

“ಯಾರವೋ! ಈಗಲೇ ವಾಪಸ್ಸು ಕೊಟ್ಟು ತಪ್ಪಾಯ್ತು ಅಂತೀನಿ,” ಎಂದು ಬುಟ್ಟಿ ಎತ್ತಿ ಬಾಗಿಲು ತೆರೆದ.

ಹೊಸ್ತಿಲಲ್ಲಿ ಬಡಗಿ. ಪಕ್ಕದಲ್ಲಿ ಅವನ ಅತ್ತೆ, ಒಂದು ಕಣ್ಣು ಊದಿ ಪೂರ್ತಿ ಮುಚ್ಚಿಹೋಗಿತ್ತು, ಕಂಕುಳಲ್ಲಿ ಬಟ್ಟೆಗಂಟು.

“ಬೆಳಿಗ್ಗೆ ಅತ್ತೆ ಮರದಡಿ ಹೋದಾಗ ಕಚ್ಚಿದ್ವಂತೆ,” ಎಂದ ಬಡಗಿ, ನಗು ನುಂಗಿಕೊಂಡು. “ಕಾಡುಹುಳ ಅಂತ ಸುಮ್ನಿದ್ರು. ಈಗ ಯಜಮಾನ ಸಿಕ್ಕಿದಾನಲ್ಲ. ಊತ ಇಳಿಯೋವರೆಗೂ ಆರೈಕೆ ನಿಮ್ಮನೇಲೇ.”

“ಇವು ನನ್ನ ಹುಳ ಅಲ್ಲ ಮಾರಾಯ!”

ಅತ್ತೆ ಒಂದೇ ಕಣ್ಣಲ್ಲಿ ಬುಟ್ಟಿ ನೋಡಿದರು. “ನಿಂದಲ್ಲ ಅಂದ್ರೆ ಸುಳ್ಳಾಣೆ ಹಾಕಿ ಕದ್ದದ್ದೇನಪ್ಪ? ಕದ್ದದ್ದೋ, ಸಾಕಿದ್ದೋ, ನಿಧಾನಕ್ಕೆ ಯೋಚ್ನೆ ಮಾಡಿ ಹೇಳು. ಏನಮ್ಮಾ, ಚಾಪೆ ಎಲ್ಲಿ?”