ಸಾತನೂರು ರಸ್ತೆಯ ಟಗರಿಗೆ, ನನ್ನ ಮುಂದಿನ ಚಕ್ರದ ವಿಷಯವಾಗಿ

ಸರಸಮ್ಮನವರ ಕುರಿಹಿಂಡಿನ ಯಜಮಾನರೂ ಸುರುಳಿ ಕೊಂಬಿನ ಧಣಿಗಳೂ ಆದ ಟಗರು ಮಹಾಶಯರ ಸನ್ನಿಧಾನಕ್ಕೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಮೊನ್ನೆ ಬೆಳಿಗ್ಗೆ ಪೆಟ್ಟಾದದ್ದು ನನ್ನ ಸೈಕಲ್ಲಿಗೇ ಹೊರತು ತಮ್ಮ ತಲೆಗಲ್ಲವಲ್ಲ. ನಾನು ಚನ್ನಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ನಡೆಸುವ ವೃಷಭೇಂದ್ರಪ್ಪನವರ ಹೆಂಡತಿ. ವಯಸ್ಸು ಐವತ್ಮೂರು, ಸೈಕಲ್ ಕಲಿತದ್ದು ಹೋದ ವರ್ಷ. ಕೊಳ್ಳೇಗಾಲದ ತಂಗಿಯ ಮನೆಗೆ ಒಬ್ಬಳೇ ಸೈಕಲ್ಲಿನಲ್ಲಿ ಹೋಗುತ್ತೇನೆಂದಾಗ ಯಜಮಾನರು, "ಹೆಂಗಸರಿಗೆ ಬಸ್ಸೇ ಫ್ರೀ ಇರೋವಾಗ ಕಾಲು ನೋಯಿಸ್ಕೊಳ್ಳೋ ಕರ್ಮ ಯಾಕೆ ಗಿರಿಜಾ?" ಎಂದು ಕೇಳಿದರು. ಮದುವೆಮನೆಗಾಗಲಿ ಆಸ್ಪತ್ರೆಗಾಗಲಿ, ಎಲ್ಲಿಗೆ ಹೋದರೂ ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಿದ್ದರು; ಒಮ್ಮೆ ಯಾರೂ ಇಲ್ಲದೆ ಹೋಗಿ ನೋಡೋಣ ಅನ್ನಿಸಿತ್ತು, ಅಷ್ಟೇ.

ತಮ್ಮ ದರ್ಶನಕ್ಕೆ ಮೊದಲೂ ಪ್ರಯಾಣ ಸೊಗಸಾಗಿಯೇ ಇತ್ತೆಂದು ನ್ಯಾಯವಾಗಿ ಒಪ್ಪಿಕೊಳ್ಳುತ್ತೇನೆ. ಯಜಮಾನರು ಸ್ವಹಸ್ತದಿಂದ ಬಿಗಿದಿದ್ದ ಹಗ್ಗ ಊರು ದಾಟುವಷ್ಟರಲ್ಲೇ ಸಡಿಲವಾಗಿ ಕ್ಯಾರಿಯರಿನ ಚೀಲ ಕೆಳಗೆ ಬಿದ್ದಿತ್ತು. ಅದು ನನಗೆ ತಿಳಿದದ್ದು, ಹಾಲಿನ ಕ್ಯಾನಿನವನೊಬ್ಬ ಬೈಕಿನಲ್ಲಿ ಬೆನ್ನಟ್ಟಿ ಬಂದು, "ಅಕ್ಕಾ, ನಿಮ್ ಬಟ್ಟೆ ಎಲ್ಲಾ ರೋಡಲ್ಲಿ ಒಣಗ್ತಾ ಐತೆ!" ಎಂದಾಗ. ಮೊದಲ ಏರಿನಲ್ಲಿ ಚೈನು ಕಳಚಿತು. ಅದನ್ನು ಕೂರಿಸುವಷ್ಟರಲ್ಲಿ ಮೊಣಕೈವರೆಗೆ ಮಸಿ. ಹಸಿವಾಗಿ, ಹೊಂಗೆಮರದ ನೆರಳಲ್ಲಿ ಸೈಕಲ್ ನಿಲ್ಲಿಸಿ ಅಕ್ಕಿರೊಟ್ಟಿಯ ಡಬ್ಬಿ ತೆರೆದೆ. ಆಗ ತಾವು ದಯಮಾಡಿಸಿದಿರಿ.

ಹ್ಯಾಂಡಲ್ಲಿನ ಕನ್ನಡಿಯಲ್ಲಿ ತಾವು ತಮ್ಮ ಮುಖವನ್ನೇ ಕಂಡಿರಿ. ಆ ಮುಖ ಕಂಡರೆ ಯಾರಿಗಾದರೂ ಸಿಟ್ಟು ಬರುವುದು ಸಹಜ, ಅದರಲ್ಲಿ ತಮ್ಮ ತಪ್ಪಿಲ್ಲ. ತಾವು ಹತ್ತು ಹೆಜ್ಜೆ ಹಿಂದೆ ಸರಿದಾಗ ಅದನ್ನು ಸಭ್ಯತೆಯೆಂದು ತಿಳಿದು ನಾನು ಕೈಮುಗಿಯುವುದರಲ್ಲಿದ್ದೆ. ಮರುಕ್ಷಣ ಮುಂದಿನ ಚಕ್ರ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು. ಕನ್ನಡಿಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ. ಇಂಥ ಗುರಿ ಎಲ್ಲರಿಗೂ ಒಲಿಯುವಂಥದ್ದಲ್ಲ. ವಿಜಯೋತ್ಸವಕ್ಕೆ ನನ್ನ ರೊಟ್ಟಿಗಳನ್ನೂ ಸ್ವೀಕರಿಸಿ, ಚಟ್ನಿ ಖಾರವೆಂದೋ ಏನೋ ನನಗೇ ಬಿಟ್ಟಿರಿ.

ಅಷ್ಟರಲ್ಲಿ ಸರಸಮ್ಮ ಕೋಲು ಹಿಡಿದು ಓಡಿ ಬಂದರು. "ಅಯ್ಯೋ ಇವ್ನ್ ಮನೆ ಹಾಳಾಗ! ಏಟಾಯ್ತಾ ಅವ್ವಾ?" ಎಂದು ನನ್ನ ಮೈಕೈ ತಡವಿದರು. "ಮನೇರ್ಗೆ ಫೋನ್ ಮಾಡ್ಬುಡಿ, ಬಂದು ಕರ್ಕೊಂಡೋಗ್ಲಿ" ಎಂದರು. ಯಜಮಾನರ ಹೆಸರಿನ ಮೇಲೆ ಬೆರಳಿಟ್ಟೆ. ಒತ್ತಿದ್ದರೆ ಗಂಟೆಯೊಳಗೆ ಗೂಡ್ಸ್ ಆಟೋ ಬರುತ್ತಿತ್ತು. ಅವರು ಬೈಯುವವರಲ್ಲ, ಸುಮ್ಮನೆ ನಗುತ್ತಿದ್ದರು. ತಮ್ಮ ಕೊಂಬಿಗೂ ಹೆದರದವಳು ಆ ನಗೆಗೆ ಹೆದರಿದೆ. "ಇಲ್ಲಿ ಸೈಕಲ್ ರಿಪೇರಿ ಯಾರು ಮಾಡ್ತಾರೆ?" ಎಂಬ ಮಾತು ಬಂತು, ಕೇಳಿದವಳು ನಾನೇ ಎಂದು ಅರಿವಾಗಲು ಒಂದು ಗಳಿಗೆ ಬೇಕಾಯಿತು.

ಮುಂಚಕ್ರವನ್ನು ಎತ್ತಿ ಹಿಡಿದು, ಸರಸಮ್ಮ ಒಂದು ಕಡೆ ನಾನೊಂದು ಕಡೆ, ಸಾತನೂರಿನವರೆಗೆ ನಡೆದೆವು. ಮೆರವಣಿಗೆಯ ಮುಂದೆ ತಾವಿದ್ದಿರಿ. ಸೈಕಲ್ ಶಾಪಿನ ತಾಜ್ ಪಾಷಾ ಚಕ್ರದ ಒಂದೊಂದೇ ಕಡ್ಡಿ ತಿರುವುತ್ತ ಎರಡು ಗಂಟೆ ಕೂತು, "ಒಸಿ ಕುಣೀತದೆ ಅಮ್ಮಾ, ಆದ್ರೆ ಕೈ ಬುಡಲ್ಲ" ಎಂದು ಕೊಟ್ಟರು. ಸರಸಮ್ಮನ ಮನೆಯಲ್ಲಿ ಉಂಡು ಮಲಗಿ, ಮಾರನೆಯ ದಿನ ಕುಣಿಯುತ್ತಲೇ ಹೊರಟೆ. ಕಾವೇರಿ ಸೇತುವೆಯ ಮೇಲೆ ಅರ್ಧ ಗಂಟೆ ನಿಂತು ನೀರು ನೋಡಿದೆ. ಹೊತ್ತಾಯಿತು ಬಾ ಎಂದು ಯಾರೂ ಕರೆಯಲಿಲ್ಲ. ಸಂಜೆಗೆ ಕೊಳ್ಳೇಗಾಲ ಸೇರಿದೆ.

ಆದಕಾರಣ ಮುಂದೆ ಯಾರನ್ನೇ ಗುದ್ದುವುದಿದ್ದರೂ ಏಳು ದಿನ ಮೊದಲು ಲಿಖಿತ ನೋಟಿಸು ಕೊಡಬೇಕೆಂದೂ, ಗುದ್ದುವ ಮುನ್ನ ಎದುರಿರುವುದು ತಾವೋ ಬೇರೆಯವರೋ ಎಂದು ಸರಸಮ್ಮನವರಿಂದ ಖಚಿತಪಡಿಸಿಕೊಳ್ಳಬೇಕೆಂದೂ ಪ್ರಾರ್ಥಿಸುತ್ತೇನೆ.

ಇಂತಿ, ಇನ್ನೂ ಕುಣಿಯುವ ಚಕ್ರದ ಮೇಲಿನಿಂದ
ತಮ್ಮ ವಿಶ್ವಾಸಿ,
ಗಿರಿಜಾಂಬ

ವಿ.ಸೂ.: ಎರಡು ದಿನದ ಸವಾರಿಯಿಂದ ಹೇಳಿಕೊಳ್ಳಲಾಗದ ಜಾಗದಲ್ಲಿ ನೋವಾಗಿ, ತಂಗಿ ಕುರಿ ಉಣ್ಣೆಯ ಕಂಬಳಿಯೊಂದನ್ನು ನಾಲ್ಕು ಮಡಿಕೆ ಮಾಡಿ ಸೀಟಿಗೆ ಕಟ್ಟಿಕೊಟ್ಟಿದ್ದಾಳೆ. ಸೋಮವಾರ ಅದೇ ದಾರಿಯಲ್ಲಿ ಹಿಂತಿರುಗುತ್ತೇನೆ. ತಮ್ಮ ಬಂಧುಬಳಗದ ಮೇಲೆಯೇ ಕೂತಿರುತ್ತೇನೆ, ನೋಡಿಕೊಂಡು ಗುದ್ದಬೇಕಾಗಿ ವಿನಂತಿ.