ಪೆಟ್ರೋಲು ತುಟ್ಟಿ, ಎಮ್ಮೆಗೆ ಜಡ್ಡು

ಪೆಟ್ರೋಲಿನ ದರ ಏರಿದಾಗಲೆಲ್ಲ ನನ್ನಿಂದ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ದರ ಇಳಿದದ್ದು ನೆನಪಿನಲ್ಲಿ ಇಲ್ಲವಾದ್ದರಿಂದ ಎಡವಟ್ಟಿಗೂ ಬಿಡುವು ಸಿಕ್ಕಿಲ್ಲ. ನಾನು ದನದ ಆಸ್ಪತ್ರೆಯ ಇನ್ಸ್‌ಪೆಕ್ಟರ್ ಆಗಿ ಮೂವತ್ತು ವರ್ಷ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಸುತ್ತಿನ ಹಳ್ಳಿಗಳನ್ನು ಬೈಕಿನಲ್ಲಿ ತಿರುಗಿದವನು. ಡಾಕ್ಟರಲ್ಲ, ಡಾಕ್ಟರ ಕೈಕೆಳಗಿನವನು. ಆದರೆ ಹಳ್ಳಿಯವರಿಗೆ ಸೂಜಿ ಹಿಡಿದವರೆಲ್ಲ ಡಾಕ್ಟರೇ. ಬೈಕು ನನ್ನದು, ಪೆಟ್ರೋಲೂ ನನ್ನದೇ. ಹಾಗಾಗಿ ಹನಿ ಹನಿಗೂ ಲೆಕ್ಕ ಹಾಕುವ ಚಟ ಅಂಟಿಕೊಂಡಿತು. ಈ ಪ್ರಸಂಗಗಳನ್ನು ಹೇಳಿ ಎಷ್ಟೋ ಜನರನ್ನು ನಗಿಸಿದ್ದೇನೆ. ಈಚೀಚೆಗೆ ಹೇಳುವಾಗ ನಗುವಿಗಿಂತ ನಾಚಿಕೆಯೇ ಜಾಸ್ತಿಯಾಗುತ್ತಿದೆ.

ಇಳಿಜಾರು

ಇಳಿಜಾರು ಬಂದರೆ ನಾನು ಬೈಕಿನ ಎಂಜಿನ್ ಬಂದ್ ಮಾಡಿಬಿಡುತ್ತಿದ್ದೆ. ಏರು ಬಂದರೆ ಹಿಂದೆ ಕೂತವರನ್ನು ಇಳಿಸುತ್ತಿದ್ದೆ. ಸಹೋದ್ಯೋಗಿಗಳು ಇದೇ ಕಾರಣಕ್ಕೆ ನನ್ನ ಹಿಂದೆ ಕೂರುವುದನ್ನು ಬಿಟ್ಟಿದ್ದರು. ಬಿಡಲಾಗದೆ ಕೂರುತ್ತಿದ್ದವಳು ನನ್ನ ಹೆಂಡತಿ ಒಬ್ಬಳೇ.

ಒಮ್ಮೆ ಕೂಡ್ಲಿಗಿಯಿಂದ ಕೊಟ್ಟೂರಿಗೆ ಒಂದು ಮದುವೆಗೆ ಹೊರಟಿದ್ದೆವು. ದಾರಿಯಲ್ಲಿ ಒಂದು ಏರು. ರೇಷ್ಮೆ ಸೀರೆ ಉಟ್ಟವಳನ್ನು ಇಳಿಸಿ, ನಾನು ಮೊದಲು ಮೇಲೆ ಹೋಗಿ ನಿಂತೆ. ಅವಳು ಏದುಸಿರು ಬಿಡುತ್ತಾ ಹತ್ತಿ ಬಂದು ಸೀಟಿನ ಮೇಲೆ ಕೈ ಇಟ್ಟಳು. ಕೂತಳು ಅಂತ ತಿಳಿದು ನಾನು ಗಾಡಿ ಬಿಟ್ಟೆ. ಎಂಜಿನ್ ಬಂದ್ ಇತ್ತು, ಗಾಳಿ ತಂಪಾಗಿತ್ತು. ಮದುವೆಯವರ ಮನೆತನ, ಮುಯ್ಯಿಗೆ ಏನು ಕೊಡಬೇಕು, ಊಟಕ್ಕೆ ಏನು ಮಾಡಿಸಿರಬಹುದು ಎಂದೆಲ್ಲ ಎರಡು ಕಿಲೋಮೀಟರ್ ಮಾತಾಡಿಕೊಂಡೇ ಹೋದೆ. ಅವಳು ಒಂದಕ್ಕೂ ಎದುರಾಡದಿದ್ದಾಗ ಸಂಶಯ ಬಂತು. ತಿರುಗಿ ನೋಡಿದರೆ ಸೀಟು ಖಾಲಿ.

ನಿಜವಾದ ತಪ್ಪು ಇದಲ್ಲ, ಇದರ ಮುಂದಿನದು. ವಾಪಸ್ಸು ಏರು ಹತ್ತಿ ಅವಳನ್ನು ಕರೆತರಬೇಕಿತ್ತು. ನಾನು ಹೋಗಲಿಲ್ಲ. ಒಂದು ಬೇವಿನ ಮರದ ನೆರಳಿಗೆ ಗಾಡಿ ಹಚ್ಚಿ ಕೂತೆ. ಅರ್ಧ ತಾಸಿನ ಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದವಳಿಗೆ ಸಮಾಧಾನ ಹೇಳಿದೆ, "ನಿನಗೂ ಇಳಿಜಾರ ಅಲ್ಲೇನು, ಸಲೀಸಾಗಿ ಬಂದಿ ಬಿಡು."

ಮದುವೆಯಲ್ಲಿ ಅವಳು ನನ್ನ ಪಕ್ಕ ಊಟಕ್ಕೆ ಕೂರಲಿಲ್ಲ.

ಮೂರು ಕರೆಗೆ ಒಂದು ಸವಾರಿ

ಒಂದೇ ದಾರಿಯ ಮೂರು ಹಳ್ಳಿಗಳಿಂದ ಫೋನು ಬರುವ ತನಕ ಗಾಡಿ ತೆಗೆಯಬಾರದು ಎಂದು ಇನ್ನೊಂದು ನಿಯಮ ಮಾಡಿಕೊಂಡಿದ್ದೆ. ಕುರಿಗೆ ಜಂತಿನ ಔಷಧಿ, ಎತ್ತಿನ ಗೊರಸು, ಇಂಥವಕ್ಕೆಲ್ಲ ಒಂದು ದಿನ ತಡವಾದರೆ ಏನೂ ಆಗುವುದಿಲ್ಲ. ಒಂದು ಬೆಳಿಗ್ಗೆ ಉಜ್ಜಿನಿ ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳು ಫೋನು ಮಾಡಿ, ಎಮ್ಮೆ ಈಯಲು ತಿಣುಕುತ್ತಿದೆ, ಬೇಗ ಬರ್ರಿ ಎಂದಳು. ಚೊಚ್ಚಲು, ತಡವಾಗುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಅದೇ ದಾರಿಯಿಂದ ಆಗಲೇ ಎರಡು ಕರೆ ಆಗಿದ್ದವು. ಇದು ಮೂರನೆಯದು. ನಿಯಮದ ಪ್ರಕಾರ ಹೊರಡಬೇಕಿತ್ತು. ಆದರೆ ನಾಲ್ಕನೆಯದೂ ಬಂದರೆ ಇನ್ನೂ ಉಳಿತಾಯ ಎಂಬ ಆಸೆ ಹುಟ್ಟಿತು.

ಮಧ್ಯಾಹ್ನ ಹೋದೆ. ಓಣಿಯ ಗಂಡಸರೆಲ್ಲ ಸೇರಿ ಹೇಗೋ ಕರುವನ್ನು ಹೊರಗೆ ತೆಗೆದಿದ್ದರು. ತಾಯಿ ಕರು ಎರಡೂ ಉಳಿದಿದ್ದವು. ಆಕೆ ನನಗೆ ಬೈಯಲಿಲ್ಲ. ಕೈಕಾಲಿಗೆ ನೀರು ಕೊಟ್ಟು, ಚಹಾ ಕೊಟ್ಟು, ಕರುವಿಗೆ ಆಗಲೇ ಹೆಸರಿಟ್ಟಿದ್ದೇವೆ ಎಂದಳು. ಏನು ಹೆಸರು ಎಂದು ಕೇಳಿದೆ.

"ಡಾಕ್ಟ್ರು ಅಂತ ಇಟ್ಟೀವ್ರಿ. ಎಷ್ಟು ಕಾದ್ರೂ ಲಗೂನ ಬರ್ಲಿಲ್ಲ ನೋಡ್ರಿ ಅದು."

ಅಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ಎಮ್ಮೆ ಸತ್ತಿದ್ದರೆ ಆ ಮನೆಯ ಮಕ್ಕಳ ಹಾಲು ಹೋಗುತ್ತಿತ್ತು. ಅವತ್ತೇ ಆಣೆ ಮಾಡಿದೆ: ದನಕ್ಕೆ ಜಡ್ಡು ಎಂದು ಯಾರೇ ಕರೆದರೂ ಆ ಕ್ಷಣವೇ ಗಾಡಿ ಹೊರಗೆ. ಉಳಿದಂತೆ ಮದುವೆ, ಮುಂಜಿ, ಬೀಗರೂಟ, ಹೆಂಡತಿಯ ತವರು ಯಾವುದಕ್ಕೂ ಬೈಕು ಇಲ್ಲ. ಈ ಹೊಸ ಕಾನೂನನ್ನು ಹೆಮ್ಮೆಯಿಂದ ಮನೆಯಲ್ಲಿ ಹೇಳಿದೆ. ಹೆಂಡತಿ ಅದನ್ನು ತನ್ನ ಅವ್ವನಿಗೆ ಫೋನಿನಲ್ಲಿ ಹೇಳಿದಳು. ಮುಂದಿನದಕ್ಕೆಲ್ಲ ಇದೇ ಮೂಲ ಎಂದು ನನಗೆ ಆಗ ಹೊಳೆಯಲಿಲ್ಲ.

ಪುಕ್ಕಟೆ ಬಸ್ಸು

ಹೆಂಡತಿಯ ತವರು ಹಡಗಲಿ ದಾಟಿ ಮೈಲಾರದ ದಾರಿಯಲ್ಲಿರುವ ಒಂದು ಹಳ್ಳಿ. ಹಗರಿಬೊಮ್ಮನಹಳ್ಳಿಯ ನಮ್ಮ ಮನೆಯಿಂದ ಹೋಗಿ ಬರಲು ನೂರು ಕಿಲೋಮೀಟರ್ ಆಗುತ್ತದೆ. ಅತ್ತೆ ಅಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗ ಇಡೀ ತಾಲೂಕಿನಲ್ಲಿ ಅತಿ ಹೆಚ್ಚು ಖುಷಿಪಟ್ಟ ಗಂಡಸು ನಾನೇ ಇರಬೇಕು. ಇನ್ನು ಬೇಕಾದಾಗ ತವರಿಗೆ ಹೋಗಿ ಬಾ ಎಂದು ದೊಡ್ಡ ಮನಸ್ಸು ಮಾಡಿ ಹೇಳಿದೆ.

ಅವಳು ಒಂದು ಚೀಲ ಹಿಡಿದು ಒಬ್ಬಳೇ ಹೋದಳು. ಬಸ್ಸಿಳಿದಾಗಿನಿಂದ ಎಲ್ಲರದೂ ಒಂದೇ ಪ್ರಶ್ನೆ: ಗಂಡ ಎಲ್ಲಿ? ಪೆಟ್ರೋಲು ತುಟ್ಟಿ, ಅದಕ್ಕೆ ಬರಲಿಲ್ಲ ಎಂದು ಅವಳು ಇದ್ದದ್ದನ್ನೇ ಹೇಳಿದಳು. ಯಾರೂ ನಂಬಲಿಲ್ಲ. ಮರುದಿನ ಮತ್ತೆ ಕೇಳಿದರು, ಅವಳು ಮತ್ತೆ ಅದನ್ನೇ ಹೇಳಿದಳು. ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂಬುದು ಊರಿಗೆ ಖಾತ್ರಿಯಾಯಿತು.

ಮೂರನೇ ದಿನ ಹೆಗಲ ಮೇಲೆ ಶಲ್ಯ ಹಾಕಿದ, ಅವಳ ಊರಿನ ಇಬ್ಬರು ಹಿರಿಯರು ನಮ್ಮ ಮನೆಗೆ ಬಂದರು. ಚಹಾ ಕುಡಿದು, ಮಳೆ ಬೆಳೆ ವಿಚಾರಿಸಿ, ಕೊನೆಗೆ ಗಂಟಲು ಸರಿ ಮಾಡಿಕೊಂಡು, ತಪ್ಪು ಯಾರದ್ದಾದರೂ ಇರಲಿ, ಮಗಳನ್ನು ಕರೆದುಕೊಂಡು ಬರಬೇಕು ಎಂದರು. ಜಗಳವೇ ಇಲ್ಲ, ನಿಜವಾಗಿ ಪೆಟ್ರೋಲಿನ ಸಲುವಾಗಿಯೇ ಹೋಗಲಿಲ್ಲ ಎಂದು ನಾನು ಬಿಡಿಸಿ ಹೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವರು ಶಲ್ಯ ಕೊಡವಿ ಎದ್ದರು.

"ಜಗಳ ಆಗಿದ್ರ ಬಗಿಹರಿಸಬಹುದಿತ್ತು ನೋಡ್ರಿ. ಇದಕ್ಕ ನಾವು ಏನೂ ಮಾಡಾಕ ಆಗಂಗಿಲ್ಲ."

ಹೆಂಡತಿ ಮತ್ತೆ ಒಬ್ಬಳೇ ಹೋಗಲಿಲ್ಲ. ತನ್ನಿಂದ ಅವ್ವ ಊರವರ ಮಾತು ಕೇಳುವುದು ಬೇಡ ಎಂದಳು. ಹೋದರೆ ಇಬ್ಬರೂ ಹೋಗಬೇಕು. ಇಬ್ಬರೂ ಹೋಗಬೇಕೆಂದರೆ ನನ್ನ ಕಾನೂನು ಅಡ್ಡ ಇತ್ತು.

ಅತ್ತೆಯ ಎಮ್ಮೆ

ಆ ವರ್ಷ ನಾಗರ ಪಂಚಮಿಗೆ ಎರಡು ದಿನ ಇರುವಾಗ ಅತ್ತೆಯ ಫೋನು ಬಂತು. ಎಮ್ಮೆಗೆ ಹೊಟ್ಟೆ ಉಬ್ಬರ. ಹಡಗಲಿಯಲ್ಲೂ ದನದ ಆಸ್ಪತ್ರೆ ಇದೆಯಲ್ಲ ಎಂದೆ. "ಇದ್ರ ಇರ್ಲಿ ಅಳಿಯಂದ್ರ, ನಿಮ್ಮ ಕೈಗುಣ ಯಾರಿಗೈತಿ?" ಎಂದರು. ನನ್ನ ಕೈಗುಣದ ಬಗ್ಗೆ ನನಗೂ ಅದೇ ಅಭಿಪ್ರಾಯ ಇತ್ತು. ಆಣೆಯ ಪ್ರಕಾರ ಗಾಡಿ ತೆಗೆದೆ. ಹೇಗೂ ಹೋಗುತ್ತಿದ್ದೇನೆ, ಹಿಂದಿನ ಸೀಟು ಖಾಲಿ ಯಾಕೆ ಹೋಗಬೇಕು ಎಂದು ಹೆಂಡತಿಯನ್ನೂ ಹತ್ತಿಸಿಕೊಂಡೆ. ನಾನು ಮುಟ್ಟುವಷ್ಟರಲ್ಲಿ ಎಮ್ಮೆಗೆ ಗುಣವಾಗಿತ್ತು. ಹೇಗೂ ಬಂದೀರಿ, ಹಬ್ಬ ಮುಗಿಸಿಕೊಂಡೇ ಹೋಗ್ರಿ ಎಂದರು ಅತ್ತೆ. ಉಂಡಿ ತಿಂದು ಬಂದೆವು.

ದಸರೆಗೆ ಮುಂಚೆ ಎಮ್ಮೆ ಮೇವು ಬಿಟ್ಟಿತು. ದೀಪಾವಳಿಗೆ ಮುಂಚೆ ಕುಂಟಿತು. ಎಳ್ಳು ಅಮಾಸಿಗೆ ಮುಂಚೆ ಸುಮ್ಮನೆ ಮಂಕಾಯಿತು. ಮರುವರ್ಷವೂ ಇದೇ ಕಥೆ. ನಾನು ತಲೆ ಓಡಿಸಿ ಕಾರಣ ಕಂಡುಹಿಡಿದೆ. ಹಬ್ಬದ ಹೋಳಿಗೆಯ ಹಿಟ್ಟು ಎಮ್ಮೆಗೆ ಹಾಕುತ್ತಿದ್ದಾರೆ, ಅದಕ್ಕೇ ಇದು. ಹೋಳಿಗೆ ಉಣ್ಣುತ್ತಲೇ ಅತ್ತೆಗೆ ಅರ್ಧ ತಾಸು ಬುದ್ಧಿ ಹೇಳಿದೆ. ಅವರು ತಲೆ ಅಲ್ಲಾಡಿಸಿ ಇನ್ನೊಂದು ಹೋಳಿಗೆ ಬಡಿಸಿದರು.

ಒಂದು ಬಾಟಲಿ ಟಾನಿಕ್ಕೂ ಕೊಟ್ಟು ಬಂದಿದ್ದೆ. ಮುಂದಿನ ಸಲ ಹೋದಾಗ ಎಮ್ಮೆ ಗುರುತು ಸಿಗದಷ್ಟು ಚೇತರಿಸಿಕೊಂಡಿತ್ತು. ಬೆನ್ನು ತುಂಬಿತ್ತು, ಮೈ ಮಿರಿಮಿರಿ ಮಿಂಚುತ್ತಿತ್ತು. ಕೊಂಬು ಕೂಡ ನೆಟ್ಟಗಾದಂತೆ ಕಂಡಿತು. ಆಫೀಸಿನಲ್ಲಿ ವಾರವಿಡೀ ಅದನ್ನೇ ಹೇಳಿಕೊಂಡು ತಿರುಗಿದೆ. ನಮ್ಮ ಡಾಕ್ಟರು ಮಾತ್ರ, ಟಾನಿಕ್ಕಿಗೆ ಕೊಂಬು ನೆಟ್ಟಗಾಗಿದ್ದನ್ನು ಎಲ್ಲೂ ಓದಿಲ್ಲವಲ್ಲ ಎಂದರು. ಅವರಿಗೆ ಹೊಟ್ಟೆಕಿಚ್ಚು ಎಂದುಕೊಂಡೆ.

ಕ್ಯಾನು

ನಾನು ನಿವೃತ್ತನಾದ ದಿನ ಆಸ್ಪತ್ರೆಯಲ್ಲಿ ಸಣ್ಣ ಸಮಾರಂಭ. ಶಾಲು, ಹಾರ, ಹಣ್ಣಿನ ಬುಟ್ಟಿ. ಕೊನೆಗೆ ಹುಡುಗಾಟಕ್ಕೆ ಐದು ಲೀಟರ್ ಪೆಟ್ರೋಲಿನ ಕ್ಯಾನಿಗೂ ಹಾರ ಹಾಕಿ ಕೊಟ್ಟರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನ್ನ ಹೆಂಡತಿ ನಗಲಿಲ್ಲ. ಮನೆಗೆ ಬಂದ ಮೇಲೆ ಆ ಕ್ಯಾನನ್ನು ನೋಡುತ್ತಾ ಕೇಳಿದಳು, "ಇಷ್ಟ್ರಾಗ ನಮ್ಮವ್ವನ ಊರಿಗೆ ಎಷ್ಟು ಸಲ ಹೋಗಿ ಬರಬಹುದ್ರಿ?"

ಇಂಥ ಲೆಕ್ಕ ನನಗೆ ಬಾಯಿಪಾಠ. ಎರಡು ಸಲ ಹೋಗಿ ಬರಬಹುದು, ಮೂರನೇ ಸಲ ಹೋಗಬಹುದು, ಬರಲು ಆಗುವುದಿಲ್ಲ ಎಂದೆ.

"ಮೂರನೇ ಸಲ ಹೋಗಾದ ಸಾಕು ಬಿಡ್ರಿ," ಎಂದು ಅವಳು ಒಳಗೆ ಹೋದಳು.

ನನಗೆ ಮೊದಲು ನಗು ಬಂತು. ಆಮೇಲೆ ಆ ಬೇವಿನ ಮರ, ಅವಳು ಕೈಯಲ್ಲಿ ಹಿಡಿದು ಬಂದ ಚಪ್ಪಲಿ ನೆನಪಾದವು.

ಸುಮ್ನ ಬಂದ್ವಿ

ಮುಂದಿನ ಮಂಗಳವಾರ ಕ್ಯಾನಿನ ಪೆಟ್ರೋಲನ್ನು ಟ್ಯಾಂಕಿಗೆ ಸುರಿದು, ನಡಿ ನಿಮ್ಮವ್ವನ ಊರಿಗೆ ಎಂದೆ. ಎಮ್ಮೆಗೆ ಏನಾಗಿದೆ ಎಂದು ಹೆಂಡತಿ ಕೇಳಿದಳು. ಏನೂ ಆಗಿಲ್ಲ, ಫೋನೂ ಬಂದಿಲ್ಲ, ಹಾಗೆಯೇ ಹೋಗೋಣ ಎಂದೆ. ಅವಳು ಎರಡು ಸಲ ನನ್ನ ಮುಖ ನೋಡಿದಳು. ಅವ್ವನಿಗೆ ಫೋನು ಮಾಡುತ್ತೇನೆ ಎಂದವಳನ್ನು, ಹೇಳದೆ ಹೋದರೇ ಖುಷಿ ಎಂದು ತಡೆದೆ. ದಾರಿಯಲ್ಲಿ ಏರಿಗೆ ಇಳಿಯಲು ಹೋದಳು, ಬೇಡ ಎಂದೆ. ಇಳಿಜಾರಿನಲ್ಲಿ ಎಂಜಿನ್ ಬಂದ್ ಮಾಡಲಿಲ್ಲ. ಅವಳಿಗೆ ಖುಷಿಯಾಗುವ ಬದಲು ಗಾಬರಿಯೇ ಆದಂತೆ ಕಂಡಿತು.

ಅತ್ತೆ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ನಮ್ಮನ್ನು ಕಂಡವರೇ ಮೊರ ಬಿಟ್ಟು ಎದ್ದರು. ಮುಖ ಬಿಳಿಚಿತ್ತು.

"ಯಾರಿಗೆ ಏನಾತು?"

ಯಾರಿಗೂ ಏನೂ ಆಗಿಲ್ಲ ಎಂದಳು ಮಗಳು.

"ಮತ್ತ ಎದಕ್ಕ ಬಂದ್ರಿ?"

"ಸುಮ್ನ ಬಂದ್ವಿ ಅತ್ತಿ," ಎಂದೆ.

ಅವರು ನಂಬಲಿಲ್ಲ. ಮಗಳನ್ನು ಒಳಗೆ ಕರೆದುಕೊಂಡು ಹೋಗಿ, ಅಳಿಯಂದಿರ ಆರೋಗ್ಯ ಹೇಗಿದೆ, ಡಾಕ್ಟರು ಏನಾದರೂ ಹೇಳಿದ್ದಾರಾ ಎಂದು ಪಿಸುಗುಟ್ಟಿದ್ದು ಹೊರಗಿದ್ದ ನನಗೂ ಕೇಳಿಸಿತು. ಮದುವೆಯಾಗಿ ಇಪ್ಪತ್ತೆಂಟು ವರ್ಷ. ಕಾರಣ ಇಲ್ಲದೆ ಒಂದು ಸಲವೂ ಬಂದವನಲ್ಲ ನಾನು.

ಆಮೇಲೆ ನೋಡಿದರೆ ಕೊಟ್ಟಿಗೆಯ ಗೂಟ ಖಾಲಿ. ಎಮ್ಮೆ ಎಲ್ಲಿ ಎಂದು ನಾನು ಕೇಳುವ ಮೊದಲೇ, ಪಕ್ಕದ ಮನೆಯಾತ ಹಿತ್ತಲಿನಿಂದ ಏದುಸಿರು ಬಿಡುತ್ತಾ ಒಂದು ಎಮ್ಮೆ ಎಳೆದು ತಂದು ಆ ಗೂಟಕ್ಕೆ ಕಟ್ಟಿದ. ಅದೇ ತುಂಬಿದ ಬೆನ್ನು, ಅದೇ ನೆಟ್ಟನೆಯ ಕೊಂಬು. ಬೆವರು ಒರೆಸಿಕೊಂಡು ನನಗೆ ಕೈ ಮುಗಿದ.

"ಬೆಳಿಗ್ಗಿಂದ ಮೇವು ಮುಟ್ಟಿಲ್ರಿ ಡಾಕ್ಟ್ರ."

ಎಮ್ಮೆಯ ಬಾಯಿಯಿಂದ ಒಂದು ಮೊಳ ಜೋಳದ ಸೊಪ್ಪೆ ಜೋತು ಬಿದ್ದಿತ್ತು. ಅದು ಆರಾಮಾಗಿ ಜಗಿಯುತ್ತಿತ್ತು. ಹೊರಗೆ ಬಂದ ಅತ್ತೆ ಅವನಿಗೆ ಕಣ್ಣು ಹೊಡೆದರು, ಕೈಸನ್ನೆ ಮಾಡಿದರು. ಅವನಿಗೆ ತಿಳಿಯಲಿಲ್ಲ.

"ಯಾಕಬೇ, ಗಾಡಿ ಸಪ್ಪಳ ಕೇಳಿದ ಕೂಡ್ಲೆ ತಂದು ಕಟ್ಟು ಅಂತ ನೀನ ಹೇಳಿಯಲ್ಲ?"

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕೊನೆಗೆ ಅವನೇ ಎಲ್ಲ ಹೇಳಿದ. ಅತ್ತೆಗೆ ಮೊಣಕಾಲು ನೋವು, ಎಮ್ಮೆಯ ಚಾಕರಿ ಆಗದೆ ಅದನ್ನು ಮಾರಿ ವರ್ಷದ ಮೇಲಾಗಿತ್ತು. ಅಂದಿನಿಂದ ನಾನು ಪರೀಕ್ಷೆ ಮಾಡಿದ್ದು, ಸೂಜಿ ಚುಚ್ಚಿದ್ದು, ಕೊಂಬು ನೆಟ್ಟಗಾಯಿತೆಂದು ಕೊಚ್ಚಿಕೊಂಡಿದ್ದು ಎಲ್ಲ ಇವನ ಎಮ್ಮೆ. ಮೂವತ್ತು ವರ್ಷ ದನ ನೋಡಿದವನಿಗೆ ಎಮ್ಮೆ ಬದಲಾದದ್ದು ಗೊತ್ತಾಗಿರಲಿಲ್ಲ. ಅವನು ಹೋಗುವ ಮುಂಚೆ ಆ ಟಾನಿಕ್ ಬಾಟಲಿ ಇನ್ನೊಂದು ಇದ್ದರೆ ಕೊಡ್ರಿ, ಹಾಲು ಜಾಸ್ತಿಯಾಗಿದೆ ಎಂದ. ಹೆಂಡತಿ ನಕ್ಕಳು. ನನ್ನ ಎದುರು ಅವಳು ಹಾಗೆ ನಕ್ಕು ಎಷ್ಟೋ ವರ್ಷವಾಗಿತ್ತು.

ಅತ್ತೆ ಮಾತ್ರ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿ ನಿಂತಿದ್ದರು. "ಎಮ್ಮಿ ಇಲ್ಲ ಅಂದ್ರ ನೀವು ಬರಂಗಿಲ್ಲಲ್ರಿ," ಎಂದರು. ಅದರಲ್ಲಿ ದೂರು ಇರಲಿಲ್ಲ.

ಗಾಡಿಗೆ ಅಭ್ಯಾಸಬಲದಿಂದ ತಗುಲಿಸಿದ್ದ ಹಳೇ ಔಷಧಿ ಚೀಲ ತೆಗೆದು, ಎಮ್ಮೆಯ ಜ್ವರ ನೋಡಿದೆ, ಹೊಟ್ಟೆ ಒತ್ತಿದೆ, ಕಣ್ಣು ಬಿಡಿಸಿದೆ. ಎಲ್ಲ ಮುಗಿಸಿ ಕೈ ತೊಳೆದು ಅತ್ತೆಗೆ ಹೇಳಿದೆ, "ಜಡ್ಡು ಜೋರೈತಿ ಅತ್ತಿ. ಇನ್ನ ಮ್ಯಾಲೆ ವಾರಕ್ಕೊಮ್ಮೆ ಇಬ್ರೂ ಬಂದು ನೋಡಬೇಕಾಗತೈತಿ."

ಅತ್ತೆ ಗಾಬರಿಯಿಂದ ತಲೆ ಎತ್ತಿದರು. ತಮಾಷೆ ಅಲ್ಲ, ನಿಜವಾದ ಕಾಳಜಿಯಿಂದಲೇ ಹೇಳಿದರು.

"ವಾರಕ್ಕೊಮ್ಮೆ ಬ್ಯಾಡ್ರಿ ಅಳಿಯಂದ್ರ. ಪೆಟ್ರೋಲು ತುಟ್ಟಿ ಐತಿ."