ಮಾವಿನ ಮರವನ್ನು ಹೆದರಿಸಲು ಹೋದದ್ದು

ಗುಟ್ಟು ಎನ್ನುವುದು ಚಿಕ್ಕದಾಗಿರಬೇಕು. ಬೀರುವಿನಲ್ಲಿ ಸೀರೆಯ ಮಡಿಕೆಯೊಳಗೆ ಹಿಡಿಸುವಂತಿರಬೇಕು. ಅಮ್ಮ ಕಸ ಗುಡಿಸುವಾಗ ಪೊರಕೆಗೆ ತಗಲಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಎಣ್ಣೆ ಸೋರಬಾರದು. ಇಷ್ಟೆಲ್ಲ ನನಗೆ ತಿಳಿಯುವ ಹೊತ್ತಿಗೆ ನನ್ನ ಮಂಚದ ಕೆಳಗೆ ಐದು ಗುಟ್ಟುಗಳು ಸೇರಿಕೊಂಡಿದ್ದವು. ಒಂದೊಂದೂ ಎಂಟು ಒಂಬತ್ತು ಕಿಲೋ ತೂಗುತ್ತಿತ್ತು. ಅವು ಮರ ಕೊಯ್ಯುವ ಹಳೆಯ ಮಿಷನ್ನುಗಳು. ಪೆಟ್ರೋಲ್ ಹಾಕಿ, ಹಗ್ಗ ಎಳೆದು, ಊರಿಗೆಲ್ಲ ಕೇಳುವಂತೆ ಸದ್ದು ಮಾಡುತ್ತ ಮರ ಉರುಳಿಸುತ್ತಾರಲ್ಲ, ಅವೇ. ನಾನು ಹುಟ್ಟುವ ಮೊದಲೇ ತಯಾರಾಗಿ, ದುಡಿದು, ಸೋತು, ಗುಜರಿಗೆ ಬಿದ್ದಂಥವನ್ನು ಹುಡುಕಿ ತಂದು, ಬಿಚ್ಚಿ, ತುಕ್ಕು ತೆಗೆದು, ಬಣ್ಣ ಹಚ್ಚಿ, ಕಳೆದುಹೋದ ಒಂದು ತಿರುಪಿಗಾಗಿ ಮೂರು ತಾಲ್ಲೂಕು ಅಲೆಯುವುದು ನನ್ನ ಹವ್ಯಾಸ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ನಾನು ಕೋಲಾರದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಹೆಚ್ಚು ಮಾತನಾಡುವವಳಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ, "ರಜಾ ದಿನ ಏನ್ ಮಾಡ್ತೀರಾ ಮೇಡಂ?" ಎಂದು ಕೇಳಿದರೆ, "ಓದ್ತೀನಿ" ಎನ್ನುತ್ತೇನೆ. ಅದು ಸುಳ್ಳೇನಲ್ಲ, ಕಳೆದ ಬೇಸಿಗೆ ರಜೆಯಲ್ಲಿ ಕಾರ್ಬುರೇಟರ್ ಬಿಚ್ಚುವುದು ಹೇಗೆ ಎಂಬ ಕೈಪಿಡಿಯನ್ನು ಎರಡು ಸಲ ಓದಿದ್ದೆ. ಆದರೆ ಅವರ ಮುಖದಲ್ಲಿ ಮೂಡುವ ಗೌರವ ನೋಡಿದಾಗ ನಾನು ಅವರಿಗೆ ಏನನ್ನೋ ಮೋಸ ಮಾಡಿದ ಹಾಗೆ ಅನಿಸುತ್ತದೆ.

ಶುರುವಾದದ್ದು ಮಾಲೂರಿನಲ್ಲಿ. ಸೋದರತ್ತೆಯ ಮನೆಯ ಹಳೇ ಪೇಪರ್ ಹಾಕಲು ಗುಜರಿ ಅಂಗಡಿಗೆ ಹೋದವಳಿಗೆ, ಮುಚ್ಚಿಹೋದ ಒಂದು ಹೆಂಚಿನ ಕಾರ್ಖಾನೆಯಿಂದ ಬಂದ ಸಾಮಾನಿನ ರಾಶಿಯಲ್ಲಿ ಮೊದಲನೆಯ ಮಿಷನ್ ಕಂಡಿತು. ಹೆಂಚು ಸುಡುವ ಗೂಡಿಗೆ ಸೌದೆ ಕೊಯ್ಯುತ್ತಿದ್ದದ್ದಂತೆ. ತುಕ್ಕು ಹಿಡಿದು ಕಲ್ಲಿನಂತಾಗಿತ್ತು. ಅದನ್ನು ಅಲ್ಲೇ ಬಿಟ್ಟುಬರಲು ಯಾಕೆ ಮನಸ್ಸಾಗಲಿಲ್ಲವೋ ಹೇಳಲಾರೆ. ಲ್ಯಾಬಿಗೆ ಬೇಕು ಎಂದು ಅಂಗಡಿಯವನಿಗೆ ಹೇಳಿ ತಂದೆ. ಅವನು ಕೇಳಿರಲೇ ಇಲ್ಲ.

ತುಕ್ಕು ತೆಗೆಯಲು ಹುಣಸೆಹಣ್ಣಿಗಿಂತ ಒಳ್ಳೆಯದು ಇನ್ನೊಂದಿಲ್ಲ. ನಿಧಾನ, ಆದರೆ ಲೋಹವನ್ನು ಅಷ್ಟಾಗಿ ತಿನ್ನುವುದಿಲ್ಲ. ಇದರಲ್ಲಿ ನನ್ನ ಓದು ಉಪಯೋಗಕ್ಕೆ ಬಂತು, ಅಡಿಗೆಮನೆಯ ಡಬ್ಬಿ ಖಾಲಿಯಾಯಿತು. "ಒಂದು ಕೆಜಿ ಹುಣಸೆಹಣ್ಣು ಹದಿನೈದು ದಿನಕ್ಕೆ ಮುಗೀತಲ್ಲೇ" ಎಂದು ಅಮ್ಮ ಒಂದು ದಿನ ಕೇಳಿಯೇಬಿಟ್ಟಳು. "ಇರೋದು ನಾವಿಬ್ಬರು. ಸಾರು ನೋಡಿದ್ರೆ ಸಪ್ಪೆ. ಇದೆಲ್ಲಾ ಎಲ್ಲಿ ಹೋಗ್ತದೆ?" ನಾನು ತಲೆ ತಗ್ಗಿಸಿ ಮಂಚದ ಕಡೆ ನೋಡಿದೆ. ಅಮ್ಮ ಬಗ್ಗಿ ನೋಡಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು. ಎದ್ದು ನಿಂತು, ಸೊಂಟ ಹಿಡಿದುಕೊಂಡು, "ಒಂದು ಇರಬೌದು ಅಂದ್ಕೊಂಡಿದ್ದೆ ಕಣೇ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, "ಯಾರಾದ್ರೂ ಕೇಳಿದ್ರೆ ಹೊಲಿಗೆ ಮಿಷನ್ ಅನ್ನು" ಎಂದಳು. ನನ್ನ ನಾಚಿಕೆಯ ಸ್ವಭಾವ ಯಾರಿಂದ ಬಂದದ್ದೆಂದು ಓದುಗರು ಊಹಿಸಬಹುದು.

ಆದರೆ ನಿಜವಾದ ನಾಚಿಕೆ ಮಂಚದ ಕೆಳಗಿನದಲ್ಲ. ಅದನ್ನು ಅಮ್ಮನಿಗೂ ಹೇಳಿರಲಿಲ್ಲ. ಐದು ಮಿಷನ್ನುಗಳಲ್ಲಿ ಒಂದನ್ನೂ ನಾನು ಇದುವರೆಗೆ ಸ್ಟಾರ್ಟ್ ಮಾಡಿರಲಿಲ್ಲ. ಹೊಳೆಯುವಂತೆ ಮಾಡುತ್ತಿದ್ದೆ, ಬಣ್ಣದ ಗೆರೆ ಎಳೆಯುತ್ತಿದ್ದೆ, ತಿರುಪುಗಳ ತಲೆ ಒಂದೇ ದಿಕ್ಕಿಗೆ ಬರುವಂತೆ ಬಿಗಿಯುತ್ತಿದ್ದೆ. ಹಗ್ಗ ಎಳೆಯುವುದು ಮಾತ್ರ ಆಗುತ್ತಿರಲಿಲ್ಲ. ಮಿಕ್ಸಿಯ ಸದ್ದಿಗೇ ಪಕ್ಕದ ಕೋಣೆಗೆ ಹೋಗುವವಳು ನಾನು.

ಮುಳಬಾಗಿಲಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಗೌಸ್ ಭಾಯ್ ಅವರಿಗೆ ಅನುಮಾನವಿತ್ತು. ಐದನೆಯ ಮಿಷನ್ನನ್ನು ನನಗೆ ಕೊಡಿಸಿದವರು ಅವರೇ. ದೇವರಾಯಸಮುದ್ರದ ಕಡೆ ನೀಲಗಿರಿ ತೋಪುಗಳನ್ನು ಕೊಯ್ಯುತ್ತಿದ್ದ ಕಂಟ್ರಾಕ್ಟರೊಬ್ಬರದು. ಐದರಲ್ಲಿ ಅದೇ ಚೆಲುವೆ. ಒಂದೇ ಕೊರತೆಯೆಂದರೆ, ಮೇಲಿನ ಏರ್ ಫಿಲ್ಟರಿನ ಮುಚ್ಚಳ ಇರಲಿಲ್ಲ. ಆ ಜಾಗಕ್ಕೆ ನಾನು ಅಮ್ಮನ ಸಾಸಿವೆ ಡಬ್ಬಿಯ ಮುಚ್ಚಳ ಕೂರಿಸಿದ್ದೆ. ಅದನ್ನು ನೋಡಿ ಗೌಸ್ ಭಾಯ್ ಬೀಡಿ ಬಾಯಿಂದ ತೆಗೆದು, "ಕ್ಯಾ ಮೇಡಂ, ಇದು ಮಿಷನ್ನಾ ಒಗ್ಗರಣೆನಾ?" ಎಂದರು. ಆಮೇಲೆ ಕನಿಕರದಿಂದ, "ಗೌನಿಪಲ್ಲಿ ಹತ್ರ ರೆಡ್ಡಪ್ಪ ಅಂತ ಒಬ್ರವ್ರೆ. ಅವ್ರ ಮಾವಿನ ತೋಟದಾಗೆ ಇದರ ಜೋಡಿ ಬಿದ್ದೈತೆ. ಹೋಗಿ ಕೇಳಿ" ಎಂದರು.

ಮುಂದಿನ ಭಾನುವಾರವೇ ಹೋದೆ. ರೆಡ್ಡಪ್ಪನವರಿಗೆ ಅರವತ್ತು ದಾಟಿರಬೇಕು. ಹೆಗಲ ಮೇಲೆ ಟವೆಲು, ಮುಖದಲ್ಲಿ ಯಾವ ಆತುರವೂ ಇಲ್ಲ. ಪಂಪ್‌ಹೌಸಿನ ಮೂಲೆಯಲ್ಲಿ ಅವರ ಮಿಷನ್ ಇತ್ತು. ಒಳಗೆಲ್ಲ ಇರುವೆ ಗೂಡು. ಆದರೆ ಮುಚ್ಚಳ! ಹಳದಿ ಬಣ್ಣ ಕೂಡ ಮಾಸಿರಲಿಲ್ಲ. ನಾನು ಅದನ್ನೇ ನೋಡುತ್ತಿದ್ದುದನ್ನು ಅವರು ನೋಡಿದರು.

"ನಿಮ್ಮ ಮಿಷನ್ನು ಓಡ್ತದಾ ತಾಯಿ?"

"ಓಡುತ್ತೆ" ಎಂದೆ.

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಅಭ್ಯಾಸವಿದ್ದವರಾದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದರು, ಸಿಕ್ಕಿಬೀಳುತ್ತಿದ್ದರು. ನನ್ನದು ಒಂದೇ ಪದವಾದ್ದರಿಂದ ಅವರು ನಂಬಿದರು.

"ಹಂಗಾದ್ರೆ ಒಂದು ಕೆಲಸ ಮಾಡಿಕೊಡಿ. ಮುಚ್ಚಳ ನಿಮ್ದೇ" ಎಂದು ಅವರು ನನ್ನನ್ನು ತೋಟದ ನಡುವಿನ ಒಂದು ದೊಡ್ಡ ಮರದ ಹತ್ತಿರ ಕರೆದುಕೊಂಡು ಹೋದರು. ಅದು ಮೂರು ವರ್ಷದಿಂದ ಒಂದು ಕಾಯಿಯನ್ನೂ ಬಿಟ್ಟಿರಲಿಲ್ಲ. ಹೀಗೆ ಕಾಯದ ಮರವನ್ನು ಹೆದರಿಸುವ ಪದ್ಧತಿ ನಮ್ಮ ಕಡೆ ಇದೆ: ಒಬ್ಬರು ಮಚ್ಚು ಹಿಡಿದು, "ಇದನ್ನ ಕಡಿದು ಹಾಕ್ತೀನಿ" ಎಂದು ಮರದ ಮುಂದೆ ನಿಲ್ಲಬೇಕು. ಇನ್ನೊಬ್ಬರು ಓಡಿ ಬಂದು ಕೈ ಹಿಡಿದು, "ಬೇಡ, ಈ ಸಲ ಬಿಟ್ಟುಬಿಡಿ, ಮುಂದಿನ ವರ್ಷ ಕಾಯುತ್ತೆ" ಎಂದು ಮರದ ಪರವಾಗಿ ಬೇಡಿಕೊಳ್ಳಬೇಕು. ಹೆದರಿದ ಮರ ಮರುವರ್ಷ ಹೂ ಬಿಡುತ್ತದೆ.

"ಮೂರು ವರ್ಷ ನಾನೇ ಹೆದರಿಸಿದೆ" ಎಂದರು ರೆಡ್ಡಪ್ಪ. "ನನ್ನ ಮಾತು ಅದಕ್ಕೆ ಲೆಕ್ಕಕ್ಕಿಲ್ಲ. ನಾನೇ ನೆಟ್ಟ ಮರ ನೋಡಿ, ಇವನು ಕಡಿಯಲ್ಲ ಅಂತ ಗೊತ್ತಾಗೋಗಿದೆ. ಹೊಸಬರು ಬೇಕು. ಮಿಷನ್ ಸೌಂಡ್ ಕೇಳಿದ್ರೆ ಅದರಪ್ಪನೂ ಕಾಯ್ತಾನೆ."

ವಿಜ್ಞಾನ ಕಲಿಸುವವಳು ಆಗಲೇ ಏನಾದರೂ ಹೇಳಬೇಕಿತ್ತು. ನಾನು ಮುಚ್ಚಳವನ್ನು ನೆನೆದು, "ಬರೋ ಭಾನುವಾರ ಬರ್ತೀನಿ" ಎಂದೆ.

ಆ ಒಂದು ವಾರ ನಾನು ಮಾಡಬೇಕಾದ ಕೆಲಸ ಒಂದೇ ಇತ್ತು: ಹಗ್ಗ ಎಳೆದು ನೋಡುವುದು. ಅದನ್ನು ಬಿಟ್ಟು ಬೇರೆಲ್ಲ ಮಾಡಿದೆ. ಪ್ಲಗ್ ಉಜ್ಜಿದೆ. ಚೈನಿನ ಹಲ್ಲುಗಳನ್ನು ಒಂದೊಂದಾಗಿ ಒರೆಸಿದೆ. ಸ್ವಿಚ್ಚಿನ ಎರಡೂ ಪಕ್ಕ ಸವೆದು ಅಳಿಸಿಹೋಗಿದ್ದ 'ಆನ್', 'ಆಫ್' ಅಕ್ಷರಗಳನ್ನು ಸಣ್ಣ ಕುಂಚದಲ್ಲಿ, ಉಸಿರು ಬಿಗಿಹಿಡಿದು, ಬಿಳಿ ಬಣ್ಣದಿಂದ ಮತ್ತೆ ಬರೆದೆ. ಅಷ್ಟು ಅಂದವಾಗಿ ನಾನು ನನ್ನ ಹೆಸರನ್ನೂ ಬರೆದದ್ದಿಲ್ಲ. ಶನಿವಾರ ಮಾತ್ರ ಧೈರ್ಯ ಮಾಡಿ ಅದನ್ನು ಮಹಡಿಗೆ ಹೊತ್ತೊಯ್ದೆ. ಹಗ್ಗ ಹಿಡಿದೆ. ಬಟ್ಟೆ ಒಣಗಿಸುತ್ತಿದ್ದ ಅಮ್ಮ ತಿರುಗಿ ನೋಡಿದಳು. "ಬೇಡ, ಪಕ್ಕದ ಮನೆ ಮಗು ಮಲಗಿರುತ್ತೆ" ಎಂದು ಇಳಿಸಿಬಿಟ್ಟೆ. "ಅದು ಸ್ಕೂಲಿಗೆ ಹೋಗಿದೆಯಲ್ಲೇ" ಎಂದಳು ಅಮ್ಮ. ನಾನು ಅಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದೆ.

ಭಾನುವಾರ ಮಿಷನ್ನನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಶ್ರೀನಿವಾಸಪುರದ ಬಸ್ಸು ಹತ್ತಿದೆ. ಕಂಡಕ್ಟರು ಚೀಲವನ್ನು ಕಾಲಿನಿಂದ ಮುಟ್ಟಿ, "ಏನಮ್ಮಾ ಒಳಗೆ?" ಎಂದರು. "ಹೊಲಿಗೆ ಮಿಷನ್" ಎಂದೆ. ಅಮ್ಮನ ಮಾತು ಮೀರಿದವಳಲ್ಲ ನಾನು.

ತೋಟದಲ್ಲಿ ಆಗಲೇ ಜನ ಸೇರಿದ್ದರು. ಒಣರೆಂಬೆ ಸವರಲು ಬಂದಿದ್ದ ಆರೇಳು ಕೂಲಿಯವರು, ರೆಡ್ಡಪ್ಪ, ಮತ್ತು ಮರದ ಪರವಾಗಿ ಬೇಡಿಕೊಳ್ಳಲು ಅವರ ತಾಯಿ ನಾರಾಯಣಮ್ಮ. ಅಜ್ಜಿಗೆ ಎಂಬತ್ತರ ಮೇಲಾಗಿತ್ತು. ಮನೆಮಾತು ತೆಲುಗು. ಮಡಿ ಸೀರೆ ಉಟ್ಟು, ತನ್ನ ಪಾತ್ರಕ್ಕೆ ಸಿದ್ಧವಾಗಿ, ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದಳು. ರೆಡ್ಡಪ್ಪ ತಮ್ಮ ಬೈಕಿನಿಂದ ಪೆಟ್ರೋಲ್ ಇಳಿಸಿಕೊಟ್ಟರು. ನಾನು ತಂದಿದ್ದ ಆಯಿಲ್ ಅಳೆದು ಬೆರೆಸಿದೆ. ಸ್ವಿಚ್ಚನ್ನು 'ಆನ್' ಕಡೆಗೆ ತಳ್ಳಿದೆ.

"ಗಟ್ಟಿಯಾಗಿ ಹೇಳಿ ತಾಯಿ, ಮರಕ್ಕೆ ಕೇಳಿಸ್ಬೇಕು" ಎಂದರು ರೆಡ್ಡಪ್ಪ.

"ಈ ಮರ... ಕಡೀತೀನಿ" ಎಂದೆ, ಹಾಜರಿ ಕರೆಯುವ ಧ್ವನಿಯಲ್ಲಿ. ಹಗ್ಗ ಎಳೆದೆ. ಕಿರ್ರ್ ಎಂದು ಸುಮ್ಮನಾಯಿತು.

ಅಜ್ಜಿ ಮಾತ್ರ ತಡಮಾಡಲಿಲ್ಲ. ಓಡಿ ಬಂದು ನನ್ನ ಕೈ ಹಿಡಿದು, "ವದ್ದು ತಲ್ಲೀ, ವದ್ದು! ಈ ಏಡು ವದಿಲೆಯ್, ವಚ್ಚೇ ಏಡು ಕಾಸ್ತುಂದಿ" ಎಂದಳು. ಬೇಡಮ್ಮ, ಈ ವರ್ಷ ಬಿಟ್ಟುಬಿಡು, ಬರೋ ವರ್ಷ ಕಾಯುತ್ತೆ.

"ಅಮ್ಮಾ, ಇನ್ನೂ ಸ್ಟಾರ್ಟೇ ಆಗಿಲ್ಲ. ಹಿಂದಕ್ಕೆ ಹೋಗು" ಎಂದರು ರೆಡ್ಡಪ್ಪ. ಅಜ್ಜಿ ಮತ್ತೆ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತಳು. ನಾನು ಮತ್ತೆ ಎಳೆದೆ. ಅಜ್ಜಿ ಮತ್ತೆ ಓಡಿ ಬಂದಳು. ಹೀಗೆ ನಾಲ್ಕು ಸಲ. ಐದನೇ ಸಲಕ್ಕೆ ಅಜ್ಜಿಗೆ ಏದುಸಿರು ಬಂದು, ಹತ್ತಿರವೇ ಒಂದು ಕಲ್ಲಿನ ಮೇಲೆ ಕೂತು ಕಾಯತೊಡಗಿದಳು. ನಾನು ಚೋಕ್ ಎಳೆದೆ, ಬಿಟ್ಟೆ, ಪ್ಲಗ್ ಬಿಚ್ಚಿ ಒರೆಸಿದೆ, ಮಂಡಿಯೂರಿ ಎಳೆದೆ, ನಿಂತು ಎಳೆದೆ. ಚೂಡಿದಾರದ ತೋಳು ಹರಿಯಿತು. ಸಾಸಿವೆ ಡಬ್ಬಿಯ ಮುಚ್ಚಳ ಹಾರಿ ಹುಲ್ಲಿನಲ್ಲಿ ಬಿತ್ತು. ಕೂಲಿಯವನೊಬ್ಬ ಅದನ್ನು ಎತ್ತಿ ತಿರುಗಿಸಿ ನೋಡಿ, "ಲೇ, ಇದು ಅಡಿಗೆಮನೇದು ಕಣೋ" ಎಂದು ಪಕ್ಕದವನಿಗೆ ತೋರಿಸಿದ. "ಮರ ನಗ್ತಾ ಐತೆ ಬಿಡು" ಎಂದ ಅವನು. ಮರ ನಿಜವಾಗಿ ನಗುತ್ತಿತ್ತೋ ಇಲ್ಲವೋ, ನಾನು ತಲೆ ಎತ್ತಿ ನೋಡಲಿಲ್ಲ.

ಕೊನೆಗೆ ಅಜ್ಜಿ ಕಲ್ಲಿನಿಂದ ಎದ್ದಳು. ನಿಧಾನವಾಗಿ ಬಂದು ನನ್ನ ಕೈಯಿಂದ ಹಗ್ಗ ಬಿಡಿಸಿದಳು. ಕೆಂಪಗಾಗಿದ್ದ ಬೆರಳುಗಳನ್ನು ತನ್ನ ಸೆರಗಿನಲ್ಲಿ ಒರೆಸಿದಳು. ಆಮೇಲೆ ಮಗನ ಕಡೆ ತಿರುಗಿ, ನನ್ನ ಮಿಷನ್ನಿನ ಬೆನ್ನ ಮೇಲೆ ಕೈಯಿಟ್ಟು, ಮರಕ್ಕಾಗಿ ಬೇಡಿಕೊಂಡ ಅದೇ ದನಿಯಲ್ಲಿ ಹೇಳಿದಳು: "ಪಾಪಂ ರಾ, ದೀನ್ನಿ ವದಿಲೆಯ್. ವಚ್ಚೇ ಏಡು ಸ್ಟಾರ್ಟ್ ಅವುತುಂದಿ." ಪಾಪ ಕಣೋ, ಇದನ್ನ ಬಿಟ್ಟುಬಿಡು. ಬರೋ ವರ್ಷ ಸ್ಟಾರ್ಟ್ ಆಗುತ್ತೆ.

ಯಾರೂ ನಗಲಿಲ್ಲ. ಅದೇ ಕಷ್ಟವಾದದ್ದು. ರೆಡ್ಡಪ್ಪ ಮುಚ್ಚಳದ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಊಟ ಹಾಕಿ, ಬಸ್ಸಿನವರೆಗೆ ಬೈಕಿನಲ್ಲಿ ಬಿಟ್ಟರು.

ಮರುವಾರ ಗೌಸ್ ಭಾಯ್ ಅಂಗಡಿಯಲ್ಲಿ ಮಿಷನ್ ಇಳಿಸಿ ನಡೆದದ್ದನ್ನು ಹೇಳಿದೆ, ಅಜ್ಜಿಯ ಮಾತೊಂದನ್ನು ಬಿಟ್ಟು. ಅವರು ಕನ್ನಡಕ ಏರಿಸಿ ಸ್ವಿಚ್ಚನ್ನು ನೋಡಿದರು. ನನ್ನನ್ನು ನೋಡಿದರು. ಮತ್ತೆ ಸ್ವಿಚ್ಚನ್ನು ನೋಡಿದರು. "ಇದು ಯಾರು ಬರ್ದಿದ್ದು?"

"ನಾನೇ."

"ಬಹುತ್ ಅಚ್ಛಾ ಬರ್ದಿದೀರ. ಉಲ್ಟಾ ಬರ್ದಿದೀರ."

ಅಳಿಸಿಹೋದ ಅಕ್ಷರಗಳಲ್ಲಿ ಯಾವುದು ಯಾವ ಕಡೆಗಿತ್ತೆಂದು ನಾನು ಯಾರನ್ನೂ ಕೇಳಿರಲಿಲ್ಲ. ಕೇಳಿದರೆ ಹವ್ಯಾಸ ಹೊರಬೀಳುತ್ತದಲ್ಲ. ಗೌಸ್ ಭಾಯ್ ಸ್ವಿಚ್ಚನ್ನು ನನ್ನ 'ಆಫ್' ಕಡೆಗೆ ತಳ್ಳಿ ಹಗ್ಗ ಎಳೆದರು. ಎರಡನೇ ಎಳೆತಕ್ಕೆ ಮಿಷನ್ ಎದ್ದು ಕೂಗಿತು. ಎಷ್ಟು ಚೆನ್ನಾಗಿ ಓಡಿತು ಎಂದು ನಾನು ವರ್ಣಿಸಬಹುದಿತ್ತು, ಆದರೆ ಆಗ ನಾನು ರಸ್ತೆ ದಾಟಿ ಎದುರಿನ ಬೇಕರಿಯ ಒಳಗೆ ನಿಂತಿದ್ದೆ.

ಆಮೇಲೆ ನಾನೂ ಮನೆಯ ಮಹಡಿಯಲ್ಲಿ ಹಗ್ಗ ಎಳೆಯಲು ಕಲಿತೆ. ಮೊದಲು ಕಿವಿಗೆ ಹತ್ತಿ ಇಟ್ಟುಕೊಂಡು, ಆಮೇಲೆ ಹತ್ತಿ ಇಲ್ಲದೆ. ಪಕ್ಕದ ಮನೆಯ ಮಗು ಗೋಡೆ ಮೇಲಿಂದ ಇಣುಕಿ ಚಪ್ಪಾಳೆ ತಟ್ಟಿತು. ಅಕ್ಷರಗಳನ್ನು ಕೆರೆದು ಸರಿಯಾಗಿ ಬರೆದೆ. ಈ ಸಲ ಅಷ್ಟು ಅಂದವಾಗಿ ಬರಲಿಲ್ಲ.

ಮುಂದಿನ ವರ್ಷದ ಮಾವಿನ ಕಾಲ ಬಂತು. ಒಂದು ಬೆಳಗ್ಗೆ ರೆಡ್ಡಪ್ಪ ಫೋನ್ ಮಾಡಿದರು. "ತಾಯಿ, ಮರ ಮಾತು ಉಳಿಸ್ಕೊಂಡೈತೆ. ಬಂದು ನೋಡಿ, ಕೊಂಬೆ ನೆಲಕ್ಕೆ ಬಾಗೋಗಿದೆ." ಮಾವಿನ ಮರ ಕೆಲವು ವರ್ಷ ಸುಮ್ಮನಿದ್ದು ಆಮೇಲೆ ಕಾಯುವುದಕ್ಕೆ ಸರಿಯಾದ ಕಾರಣಗಳಿವೆ. ಅವನ್ನು ಫೋನಿನಲ್ಲಿ ಹೇಳುವ ಅರ್ಹತೆ ನನಗಿರಲಿಲ್ಲ. ಮರ ತಾನಾಗಿ ಯಾರಿಗೂ ಮಾತು ಕೊಟ್ಟಿರಲಿಲ್ಲ, ಅದರ ಪರವಾಗಿ ಅಜ್ಜಿ ಕೊಟ್ಟಿದ್ದಳು. "ಓಡುತ್ತೆ" ಎಂದು ಬಾಯಿಬಿಟ್ಟು ಹೇಳಿ, ಆ ಮಾತು ಉಳಿಸಿಕೊಳ್ಳದವಳು ನಾನು.

ಹೋದೆ, ಗೋಣಿಚೀಲದೊಂದಿಗೆ. ಈ ಸಲ ಕಂಡಕ್ಟರು ಕೇಳಿದಾಗ, "ಮರ ಕೊಯ್ಯೋ ಮಿಷನ್" ಎಂದೆ. ಅವರು ಜೋರಾಗಿ ನಕ್ಕರು, ತಮಾಷೆ ಎಂದುಕೊಂಡು. ತೋಟದಲ್ಲಿ ಮರದ ಕೆಳಗೆ ಅಜ್ಜಿ ಕೂತಿದ್ದಳು. ನಾನು ನಮಸ್ಕಾರ ಹೇಳಿ, ಮಿಷನ್ ನೆಲಕ್ಕಿಟ್ಟು, "ಅಜ್ಜಿ, ಈಗ ಸ್ಟಾರ್ಟ್ ಆಗುತ್ತೆ. ತೋರಿಸ್ತೀನಿ" ಎಂದು ಹಗ್ಗಕ್ಕೆ ಕೈ ಹಾಕಿದೆ.

ಅಜ್ಜಿ ನನ್ನ ಕೈ ಹಿಡಿದುಕೊಂಡಳು. ಆ ಎಂಬತ್ತು ವರ್ಷದ ಕೈಯಲ್ಲಿ ಅಷ್ಟು ಬಲವಿತ್ತೆಂದು ನನಗೆ ಗೊತ್ತಿರಲಿಲ್ಲ. "ವದ್ದು ತಲ್ಲೀ! ಕಾಯಿ ಉದುರಿಹೋಗ್ತದೆ."

"ಸುಮ್ನೆ ಒಂದ್ಸಲ..."

"ಇರ್ಲಿ ಬಿಡಿ ತಾಯಿ" ಎಂದು ರೆಡ್ಡಪ್ಪ ನಡುವೆ ಬಂದರು. ಅವರ ಧ್ವನಿಯಲ್ಲಿ ಒಂದು ಮೃದುತ್ವವಿತ್ತು, ಪರೀಕ್ಷೆಯಲ್ಲಿ ಫೇಲಾದ ಹುಡುಗಿಯರೊಂದಿಗೆ ನಾನು ಮಾತನಾಡುವಾಗ ಬರುವಂಥದ್ದು. ಟವೆಲಿನಲ್ಲಿ ಸುತ್ತಿಟ್ಟಿದ್ದ ಹಳದಿ ಮುಚ್ಚಳವನ್ನು ನನ್ನ ಕೈಗಿಟ್ಟರು. "ತಗೊಳ್ಳಿ. ಓಡದಿದ್ರೆ ಏನಾಯ್ತು, ನೋಡೋಕಾದ್ರೂ ಚೆನ್ನಾಗಿರ್ಲಿ."

ಮೊದಲ ಸಲ ಓಡದ ಮಿಷನ್ನನ್ನು ಓಡುತ್ತೆ ಎಂದೆ, ನಂಬಿದರು. ಈಗ ಓಡುವ ಮಿಷನ್ನನ್ನು ಓಡುತ್ತೆ ಎಂದರೆ ನಂಬುವವರಿಲ್ಲ. ಮುಚ್ಚಳ ತೆಗೆದುಕೊಂಡೆ. ಅದು ಸರಿಯಾಗಿ ಕೂತಿತು.

ಸಾಸಿವೆ ಡಬ್ಬಿಯ ಮುಚ್ಚಳವನ್ನು ಮೂರು ಸಲ ತೊಳೆದು ಅಮ್ಮನಿಗೆ ಹಿಂತಿರುಗಿಸಿದೆ. ಒಗ್ಗರಣೆಯಲ್ಲಿ ಇನ್ನೂ ಸಣ್ಣಗೆ ಪೆಟ್ರೋಲ್ ವಾಸನೆ ಬರುತ್ತದೆ. ಅಮ್ಮ ಮಾತ್ರ, ಸಾರು ಈಗ ಸಪ್ಪೆಯಿಲ್ಲವಲ್ಲ ಎಂದಷ್ಟೇ ಹೇಳುತ್ತಾಳೆ. ಗೌನಿಪಲ್ಲಿಯಿಂದ ಆ ಮರದ ಹಣ್ಣು ಒಂದು ಬುಟ್ಟಿ ಬಂತು. ಬಹಳ ಸಿಹಿ. ಮಿಷನ್ ಸ್ಟಾರ್ಟ್ ಆಗದ ಹುಡುಗಿಗೆ ಕೊಡಿ ಎಂದು ತಂದವನ ಹತ್ತಿರ ಅಜ್ಜಿ ಹೇಳಿ ಕಳಿಸಿದ್ದಳಂತೆ. ಅವನು ಬೀದಿಯಲ್ಲಿ ನಾಲ್ಕು ಮನೆ ವಿಚಾರಿಸಿಕೊಂಡು ಬಂದಿದ್ದ. ಮೂರು ಮನೆಯವರಿಗೆ ಯಾರೆಂದು ತಿಳಿಯಲಿಲ್ಲವಂತೆ. ನಾಲ್ಕನೆಯದು ಪಕ್ಕದ ಮನೆ. "ಇಲ್ಲ ಇಲ್ಲ, ಸ್ಟಾರ್ಟ್ ಆಗುತ್ತೆ!" ಎಂದು ಆ ಮಗು ಬೀದಿಗೆಲ್ಲ ಕೇಳುವಂತೆ ಕೂಗಿತಂತೆ. ನನ್ನ ಪರವಾಗಿ ಸಾಕ್ಷಿ ಹೇಳಿದ್ದು ಅದೊಂದೇ. ಅಂದಿನಿಂದ ನಾನು ಹಿಂದಿನ ಗಲ್ಲಿಯಿಂದ ಕಾಲೇಜಿಗೆ ಹೋಗುತ್ತಿದ್ದೇನೆ.